ಎಣ್ಣೆಯ ಬೆಲೆಯೂ ಸರ್ಕಾರದ ಹೊಣೆಯೂ

ನಮ್ಮ ತಂದೆಯವರು ಸಂತೆಗೆ ತರಕಾರಿ ಸಾಗಿಸುವ ಟೆಂಪೋ ಓಡಿಸುತ್ತಾರೆ. ಟೆಂಪೋ ಅವರದಲ್ಲ, ಡೀಸೆಲಿನ ಖರ್ಚು ಮಾತ್ರ ಅವರದು. ಡೀಸೆಲಿನ ಬೆಲೆ ಏರಿದ ಮರುದಿನವೇ ಮಂಡಿಯವರು ಬಾಡಿಗೆಯನ್ನು ಏರಿಸಿಕೊಡುವುದಿಲ್ಲ. ಅದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ನಡುವಿನ ನಷ್ಟವು ನಮ್ಮ ಮನೆಯ ಅಡಿಗೆಯಲ್ಲಿಯೂ ನನ್ನ ಪುಸ್ತಕದ ಲೆಕ್ಕದಲ್ಲಿಯೂ ಕಾಣಿಸಿಕೊಳ್ಳುತ್ತದೆ. ಅಂತಹ ದಿನಗಳಲ್ಲಿ ಅವರು ಪತ್ರಿಕೆಯನ್ನು ನನ್ನ ಮುಂದಿಟ್ಟು, "ನೀನು ಅರ್ಥಶಾಸ್ತ್ರ ಓದ್ತೀಯಲ್ಲ, ಇದನ್ನ ಏರಿಸಿದ್ದು ಯಾರು? ಸರ್ಕಾರ ಯಾಕೆ ಇಳಿಸಬಾರದು?" ಎಂದು ಕೇಳುವುದುಂಟು. ಆ ಪ್ರಶ್ನೆಗೆ ಉತ್ತರ ಹುಡುಕುವ ಸಣ್ಣ ಪ್ರಯತ್ನವೇ ಈ ಲೇಖನ.

ಮೊದಲು ಬೆಲೆಯೆಂದರೇನು ಎಂಬುದನ್ನು ನೋಡೋಣ. ಬಂಕಿನಲ್ಲಿ ನಾವು ಕೊಡುವ ಹಣದಲ್ಲಿ ಹಲವರ ಪಾಲುಂಟು: ಕಚ್ಚಾ ಎಣ್ಣೆಯ ಬೆಲೆ, ಅದನ್ನು ಶುದ್ಧಿಮಾಡಿ ಸಾಗಿಸುವ ಖರ್ಚು, ಮಾರುವವರ ಕಮಿಷನ್, ಕೇಂದ್ರ ಸರ್ಕಾರದ ಅಬಕಾರಿ ಸುಂಕ ಮತ್ತು ರಾಜ್ಯ ಸರ್ಕಾರದ ಮಾರಾಟ ತೆರಿಗೆ. ನಮ್ಮ ದೇಶಕ್ಕೆ ಬೇಕಾಗುವ ಕಚ್ಚಾ ಎಣ್ಣೆಯಲ್ಲಿ ನೂರಕ್ಕೆ 85ಕ್ಕೂ ಹೆಚ್ಚು ಪಾಲು ಹೊರದೇಶಗಳಿಂದ ಬರತಕ್ಕದ್ದು. ಆದುದರಿಂದ ಮೊದಲ ಪಾಲಿನ ಮೇಲೆ ನಮ್ಮ ಸರ್ಕಾರದ ಕೈ ಓಡುವುದಿಲ್ಲ. ಕೊನೆಯ ಎರಡು ಪಾಲುಗಳು ಮಾತ್ರ ಅದರ ಹತೋಟಿಯಲ್ಲಿವೆ. ಆದರೆ ಎರಡೂ ಸರ್ಕಾರಗಳ ಬೊಕ್ಕಸಕ್ಕೆ ಅವು ದೊಡ್ಡ ಆಧಾರ. 2017ರಲ್ಲಿ ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಾಗ ಪೆಟ್ರೋಲ್, ಡೀಸೆಲ್‌ಗಳನ್ನು ಅದರ ಹೊರಗೇ ಉಳಿಸಿಕೊಂಡುದಕ್ಕೆ ಇದೇ ಮುಖ್ಯ ಕಾರಣ.

ಈ ಪರಾವಲಂಬನೆಯ ಕಷ್ಟವನ್ನು ದೇಶವು ಮೊದಲು ತೀವ್ರವಾಗಿ ಅರಿತದ್ದು 1973ರಲ್ಲಿ. ಆ ವರ್ಷದ ಅಕ್ಟೋಬರಿನಲ್ಲಿ ಅರಬ್ಬರಿಗೂ ಇಸ್ರೇಲಿಗೂ ಯುದ್ಧ ನಡೆಯಿತು. ಎಣ್ಣೆಯುಳ್ಳ ಅರಬ್ ರಾಷ್ಟ್ರಗಳು ಸರಬರಾಜನ್ನು ಬಿಗಿಹಿಡಿದವು. ಬ್ಯಾರೆಲಿಗೆ ಸುಮಾರು 3 ಡಾಲರ್ ಇದ್ದ ಬೆಲೆ 1974ರ ಆರಂಭದ ವೇಳೆಗೆ ಸುಮಾರು 12 ಡಾಲರಿಗೆ ಏರಿತು. ನಮ್ಮ ಸರ್ಕಾರ ಇದಕ್ಕೆ ಮೂರು ಬಗೆಯಾಗಿ ಉತ್ತರ ಕೊಟ್ಟಿತು. ಎಸ್ಸೋ, ಬರ್ಮಾ ಷೆಲ್ ಮೊದಲಾದ ವಿದೇಶೀ ಕಂಪನಿಗಳ ಇಲ್ಲಿಯ ವ್ಯವಹಾರವನ್ನು ರಾಷ್ಟ್ರೀಕರಿಸಿತು. 1974ರಲ್ಲಿ ಮುಂಬಯಿಯ ಆಚೆ ಕಡಲಿನಲ್ಲಿ 'ಸಾಗರ ಸಾಮ್ರಾಟ್' ಹಡಗು ಎಣ್ಣೆಯನ್ನು ಕಂಡುಹಿಡಿದಾಗ ಅಲ್ಲಿಯ ಕೆಲಸವನ್ನು ಚುರುಕುಗೊಳಿಸಿತು. 1976ರಲ್ಲಿ ಬಾಂಬೆ ಹೈ ಎಣ್ಣೆ ಕೊಡತೊಡಗಿತು. ಮೂರನೆಯದಾಗಿ, ಬೆಲೆಯನ್ನು ತಾನೇ ನಿಗದಿಮಾಡುವ ಏರ್ಪಾಡನ್ನು ಕೈಗೊಂಡಿತು.

ಈ ಮೂರನೆಯ ಏರ್ಪಾಡನ್ನು ಸ್ವಲ್ಪ ವಿವರಿಸಬೇಕು. ಸುಗ್ಗಿಯಲ್ಲಿ ರಾಗಿಯನ್ನು ಹಗೇವಿಗೆ ತುಂಬಿ ಬರದಲ್ಲಿ ತೆಗೆಯುವಂತೆ, ಎಣ್ಣೆಗೆಂದೇ ಒಂದು ಲೆಕ್ಕ ಇತ್ತು. ಹೊರಗೆ ಬೆಲೆ ಇಳಿದಾಗ ಉಳಿದದ್ದು ಅದಕ್ಕೆ ಸೇರಬೇಕು. ಏರಿದಾಗ ಅದರಿಂದ ತೆಗೆದು ಕೊರತೆ ತುಂಬಬೇಕು. ಅಲ್ಲದೆ ಪೆಟ್ರೋಲಿನವರಿಂದ ಹೆಚ್ಚು ಪಡೆದು, ಬಡವರ ಸೀಮೆಎಣ್ಣೆಯನ್ನೂ ಅಡಿಗೆ ಅನಿಲವನ್ನೂ ಅಗ್ಗವಾಗಿ ಕೊಡಬೇಕು. ಉದ್ದೇಶ ಒಳ್ಳೆಯದೇ. ಆದರೆ ಹಗೇವಿಗೆ ತುಂಬುವುದಕ್ಕಿಂತ ತೆಗೆಯುವುದೇ ಹೆಚ್ಚಾಗಿ, 1990ರ ದಶಕದಲ್ಲಿ ಆ ಲೆಕ್ಕ ದೊಡ್ಡ ಸಾಲದಲ್ಲಿ ಬಿದ್ದಿತು. ಅಗ್ಗದ ಸೀಮೆಎಣ್ಣೆ ಬಡವರ ದೀಪಕ್ಕೆ ಹೋಗುವ ಬದಲು ಕಲಬೆರಕೆಯಾಗಿ ಡೀಸೆಲಿಗೂ ಸೇರಿತು.

ಇದರ ನಡುವೆ 1990ರ ಆಗಸ್ಟಿನಲ್ಲಿ ಇರಾಕು ಕುವೈತಿನ ಮೇಲೆ ದಂಡೆತ್ತಿಹೋಯಿತು. ಎಣ್ಣೆಯ ಬೆಲೆ ಏರಿ, ಮೊದಲೇ ಸೊರಗಿದ್ದ ವಿದೇಶೀ ವಿನಿಮಯದ ಬೊಕ್ಕಸ ಕೆಲವೇ ವಾರಗಳ ಆಮದಿಗೆ ಸಾಲುವಷ್ಟಾಯಿತು. 1991ರಲ್ಲಿ ರಿಸರ್ವ್ ಬ್ಯಾಂಕು ಸುಮಾರು 47 ಟನ್ ಚಿನ್ನವನ್ನು ಹೊರದೇಶದಲ್ಲಿ ಅಡವಿಡಬೇಕಾಯಿತು. ಎಣ್ಣೆಯೊಂದೇ ಇದಕ್ಕೆ ಕಾರಣವಲ್ಲವಾದರೂ, ಕೊನೆಯ ಹೊರೆ ಅದರದಾಗಿತ್ತು.

2002ರ ಏಪ್ರಿಲ್ 1ರಂದು ಬೆಲೆಯ ನಿಯಂತ್ರಣ ಕಾಗದದ ಮೇಲೆ ಕೊನೆಗೊಂಡಿತು. ವಾಸ್ತವದಲ್ಲಿ ಹಾಗಾಗಲಿಲ್ಲ. ಮುಂದೆ ಹೊರಗಿನ ಬೆಲೆ ಏರಿದಾಗ ಸರ್ಕಾರವು ಎಣ್ಣೆ ಕಂಪನಿಗಳಿಗೆ ಅಗ್ಗವಾಗಿಯೇ ಮಾರಲು ಹೇಳಿ, ಅವುಗಳ ನಷ್ಟಕ್ಕೆ ನಗದಿನ ಬದಲು ಸಾಲಪತ್ರಗಳನ್ನು ಬರೆದುಕೊಟ್ಟಿತು. ಇವೇ ಎಣ್ಣೆ ಬಾಂಡುಗಳು. 2005ರಿಂದ 2010ರವರೆಗೆ ಇವುಗಳ ಮೊತ್ತ ಸುಮಾರು 1.4 ಲಕ್ಷ ಕೋಟಿ ರೂಪಾಯಿಗಳಾಯಿತು. ಅಸಲಿನ ಬಹುಭಾಗವನ್ನು ತೀರಿಸುವ ವಾಯಿದೆ ಬಂದದ್ದು 2021ರಿಂದ 2026ರೊಳಗೆ. ನಾನು ತೊಟ್ಟಿಲಲ್ಲಿದ್ದಾಗ ಅಗ್ಗವಾಗಿ ಉರಿದ ಡೀಸೆಲಿನ ಸಾಲವನ್ನು ನಾನು ಕಾಲೇಜಿಗೆ ಬಂದ ಕಾಲದಲ್ಲಿ ದೇಶವು ತೀರಿಸುತ್ತಿತ್ತು!

ಬಳಿಕ 2010ರ ಜೂನಿನಲ್ಲಿ ಪೆಟ್ರೋಲಿನ, 2014ರ ಅಕ್ಟೋಬರಿನಲ್ಲಿ ಡೀಸೆಲಿನ ಬೆಲೆಯನ್ನು ಮಾರುಕಟ್ಟೆಗೆ ಬಿಡಲಾಯಿತು. ಅಂದರೆ ಹೊರಗೆ ಇಳಿದರೆ ಇಲ್ಲಿಯೂ ಇಳಿಯಬೇಕಷ್ಟೆ? 2020ರಲ್ಲಿ ಸೋಂಕಿನ ಕಾಲದಲ್ಲಿ ಕಚ್ಚಾ ಎಣ್ಣೆಯ ಬೆಲೆ ಕುಸಿಯಿತು. ಆ ಮೇ ತಿಂಗಳಲ್ಲಿ ಕೇಂದ್ರವು ಲೀಟರಿಗೆ ಪೆಟ್ರೋಲಿನ ಮೇಲೆ 10 ರೂಪಾಯಿ, ಡೀಸೆಲಿನ ಮೇಲೆ 13 ರೂಪಾಯಿ ಸುಂಕ ಹೆಚ್ಚಿಸಿತು. ಹೀಗೆ ಇಳಿತದ ಲಾಭ ಬೊಕ್ಕಸಕ್ಕೆ ಸಂದಿತು. ಬೆಲೆ ಮತ್ತೆ ಏರಿದ ಮೇಲೆ, 2021ರ ನವೆಂಬರಿನಲ್ಲಿ ಡೀಸೆಲಿನ ಮೇಲಣ ಸುಂಕವನ್ನು 10 ರೂಪಾಯಿ, 2022ರ ಮೇ ತಿಂಗಳಲ್ಲಿ 6 ರೂಪಾಯಿ ತಗ್ಗಿಸಲಾಯಿತು. ಕಷ್ಟಕಾಲದಲ್ಲಿ ಸರ್ಕಾರಕ್ಕೂ ಹಣ ಬೇಕೆಂಬುದು ನಿಜ. ಆದರೆ ಸಂತೆಗಳೇ ನಿಂತುಹೋಗಿದ್ದ ಆ ದಿನಗಳಲ್ಲಿ ಟೆಂಪೋದವನ ಕಷ್ಟವೂ ನಿಜವೇ.

ಇನ್ನು ಪರಾವಲಂಬನೆಯನ್ನೇ ತಗ್ಗಿಸುವ ಉಪಾಯಗಳು. ನಮ್ಮ ಮಂಗಳೂರಿನಲ್ಲಿ, ಉಡುಪಿಯ ಬಳಿಯ ಪಾದೂರಿನಲ್ಲಿ ಮತ್ತು ಆಂಧ್ರದ ವಿಶಾಖಪಟ್ಟಣದಲ್ಲಿ ಬಂಡೆಯೊಳಗೆ ಗುಹೆ ಕೊರೆದು 53.3 ಲಕ್ಷ ಟನ್ ಎಣ್ಣೆ ಹಿಡಿಯುವ ಉಗ್ರಾಣಗಳನ್ನು ಮಾಡಿದ್ದಾರೆ. ಅವು ತುಂಬಿದ್ದರೂ ದೇಶಕ್ಕೆ ಹತ್ತು ದಿನ ಸಾಲದು. ಆಪತ್ತಿಗೆ ಆಸರೆ, ಅಷ್ಟೆ. 2025ರ ವೇಳೆಗೆ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥೆನಾಲ್ ಬೆರೆಸುವ ಮಟ್ಟ ಮುಟ್ಟಿದೆ. ಇದರಿಂದ ಕಬ್ಬು, ಮುಸುಕಿನ ಜೋಳ ಬೆಳೆದವರಿಗೆ ಗಿರಾಕಿ ದೊರೆತರೂ ಕಬ್ಬು ಕುಡಿಯುವ ನೀರಿನ ಲೆಕ್ಕವನ್ನು ಮರೆಯುವಂತಿಲ್ಲ. ಪಾವಗಡದಲ್ಲಿ ರೈತರ ಭೂಮಿಯನ್ನು ಗುತ್ತಿಗೆಗೆ ಪಡೆದು 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನ ಎದ್ದಿದೆ. ಆದರೆ ಬಿಸಿಲಿನ ವಿದ್ಯುತ್ತು ತಂದೆಯವರ ಟೆಂಪೋವನ್ನು ಇನ್ನೂ ಮುಟ್ಟಿಲ್ಲ.

ಇಷ್ಟನ್ನೂ ಒಂದು ರಾತ್ರಿ ಊಟವಾದ ಮೇಲೆ ತಂದೆಯವರಿಗೆ ತಿಳಿಸಿದೆ. ಬಾಂಡಿನ ಸಂಗತಿ ಕೇಳಿ ಅವರು, "ಅಂದ್ರೆ ಕೈಸಾಲ ಮಾಡಿ ಎಣ್ಣೆ ಹಾಕಿಸಿದ ಹಾಗೆ. ಗಾಡಿ ಅವತ್ತು ಓಡಿತು, ಸಾಲ ಮಗನ ತಲೆಗೆ ಬಂತು" ಎಂದರು. ನಾನು ಮೂರು ವರ್ಷ ಓದಿ ತಿಳಿದದ್ದನ್ನು ಅವರು ಎರಡು ಮಾತಿನಲ್ಲಿ ಮುಗಿಸಿದ್ದರು.

ಹೊರಗಿನಿಂದ ಬಂದ ಬೆಲೆಯನ್ನು ಯಾವ ಸರ್ಕಾರವೂ ಮಾಯಮಾಡಲಾರದು. ಅದನ್ನು ಇಂದಿನ ಗಿರಾಕಿ ತೆರಬೇಕು, ಇಲ್ಲವೇ ತೆರಿಗೆ ಕೊಡುವವನು, ಇಲ್ಲವೇ ನಾಳೆ ಹುಟ್ಟುವವನು. ಯಾರು ಎಷ್ಟು ತೆರಬೇಕೆಂದು ನಿರ್ಧರಿಸುವುದೇ ಸರ್ಕಾರದ ನಿಜವಾದ ಕೆಲಸ. ಆ ನಿರ್ಧಾರ ಮರೆಯಲ್ಲಿ ಆಗದೆ ಜನರೆದುರು ಆಗಲಿ. ಬೆಲೆ ಇಳಿದ ವರ್ಷಗಳ ತೆರಿಗೆಯಲ್ಲಿ ಒಂದು ಭಾಗವನ್ನು ಏರುವ ವರ್ಷಗಳಿಗಾಗಿ ತೆಗೆದಿಡಲಿ. ಅದನ್ನು ಹಂಚುವಾಗ ಬಾಡಿಗೆಯನ್ನು ತಾವಾಗಿ ಏರಿಸಿಕೊಳ್ಳಲಾರದವರ ನೆನಪು ಮೊದಲು ಬರಲಿ. ಅರ್ಥಶಾಸ್ತ್ರ ಓದಿದ ನಾವು ಮುಂದೆ ಕಚೇರಿ, ಶಾಲೆ, ಬ್ಯಾಂಕುಗಳಿಗೆ ಹೋಗತಕ್ಕವರು. "ಸರ್ಕಾರ ಯಾಕೆ ಇಳಿಸಬಾರದು?" ಎಂದು ಮನೆಯವರು ಕೇಳಿದಾಗ, ಬೈದು ಸುಮ್ಮನಾಗದೆ ಲೆಕ್ಕ ತೋರಿಸಿ ಉತ್ತರ ಹೇಳುವಷ್ಟಾದರೂ ನಮ್ಮ ಓದು ಉಪಯೋಗಕ್ಕೆ ಬರಬೇಕು.