ಕಲ್ಲುಕೋಟೆಯ ರೇವುಪಟ್ಟಣ ಕಾರ್ತಹೇನಾ

ದಕ್ಷಿಣ ಅಮೆರಿಕ ಖಂಡದ ಉತ್ತರದಂಚಿನಲ್ಲಿ, ಕೆರಿಬಿಯನ್ ಕಡಲು ಕೊಲಂಬಿಯಾ ದೇಶದ ನೆಲವನ್ನು ಮುಟ್ಟುವ ತೀರದಲ್ಲಿ, ಒಂದು ಕಡೆ ತೆರೆದ ಸಮುದ್ರವನ್ನೂ ಮತ್ತೊಂದು ಕಡೆ ವಿಶಾಲವಾದ ಕೊಲ್ಲಿಯನ್ನೂ ಉಳಿದೆಡೆಗಳಲ್ಲಿ ಹಿನ್ನೀರನ್ನೂ ಕಾಂಡ್ಲಾ ಕಾಡನ್ನೂ ಬೆನ್ನಿಗಿಟ್ಟುಕೊಂಡು ಬೆಳೆದ ಪಟ್ಟಣ ಕಾರ್ತಹೇನಾ. ದಕ್ಷಿಣ ಅಮೆರಿಕದಲ್ಲಿ ಇಷ್ಟು ವಿಸ್ತಾರವಾದ ಕೋಟೆಕೊತ್ತಲಗಳುಳ್ಳ ಊರು ಮತ್ತೊಂದಿಲ್ಲ. 1984ರಲ್ಲಿ ಯುನೆಸ್ಕೋ ಸಂಸ್ಥೆಯು ಇದರ ರೇವನ್ನೂ ಕೋಟೆಗಳನ್ನೂ ಹಳೆಯ ಕಟ್ಟಡಗಳನ್ನೂ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಇಂದು ದೇಶದೇಶಗಳ ಯಾತ್ರಿಕರು ಬಂದು ಈ ಗೋಡೆಗಳ ಮೇಲೆ ಸಂಜೆಯ ಗಾಳಿಗೆ ನಡೆದಾಡಿ ಸಂತೋಷಪಡುತ್ತಾರೆ. ಆ ಸಂತೋಷವು ಜ್ಞಾನದಿಂದ ಕೂಡಿದುದಾಗಬೇಕಾದರೆ, ಈ ಗೋಡೆಗಳು ಏನನ್ನು ಕಾಯಲು ಎದ್ದವು, ಯಾರ ಕೈಗಳಿಂದ ಎದ್ದವು ಎಂಬೆರಡು ಪ್ರಶ್ನೆಗಳನ್ನು ನೋಡುವವನು ಮನಸ್ಸಿನಲ್ಲಿಟ್ಟುಕೊಂಡೇ ಊರಿನೊಳಗೆ ಕಾಲಿಡುವುದು ಉಚಿತ.

ರೇವು ಹುಟ್ಟಿದ ಬಗೆ

ಪೇದ್ರೊ ದೆ ಎರೇದಿಯಾ ಎಂಬ ಸ್ಪೇನಿನ ದಳಪತಿಯು 1533ರ ಜೂನ್ 1ರಂದು ಇಲ್ಲಿ ಪಟ್ಟಣವನ್ನು ಸ್ಥಾಪಿಸಿದನೆಂದು ಚರಿತ್ರೆ ಹೇಳುತ್ತದೆ. ಅದಕ್ಕೆ ಮೊದಲು ಇಲ್ಲಿದ್ದುದು ಕಲಮರಿ ಎಂಬ ಮೂಲನಿವಾಸಿಗಳ ಹಳ್ಳಿ. ಈ ಸೀಮೆಯ ಮೂಲನಿವಾಸಿಗಳ ಗೋರಿಗಳಲ್ಲಿದ್ದ ಬಂಗಾರವು ಹೊಸಬರ ಆಸೆಯನ್ನು ಮೊದಲು ಕೆರಳಿಸಿತಾದರೂ, ಊರಿನ ಭವಿಷ್ಯವನ್ನು ನಿರ್ಣಯಿಸಿದುದು ಬಂಗಾರಕ್ಕಿಂತ ಮಿಗಿಲಾಗಿ ಇದರ ಕೊಲ್ಲಿ. ಬಿರುಗಾಳಿಯ ಹಾವಳಿಯಿಂದ ದೂರವಾಗಿ, ದೊಡ್ಡ ನೌಕಾಪಡೆಯೊಂದು ನಿಶ್ಚಿಂತೆಯಿಂದ ಲಂಗರು ಹಾಕಿ ತಿಂಗಳುಗಟ್ಟಲೆ ನಿಲ್ಲಬಹುದಾದಂಥ ಆಳವಾದ ಮರೆನೀರು ಈ ತೀರದಲ್ಲಿ ಅಪರೂಪ.

ಸ್ಪೇನಿನ ಸಾಮ್ರಾಜ್ಯದ ಆರ್ಥಿಕ ವ್ಯವಸ್ಥೆಯಲ್ಲಿ ಕಾರ್ತಹೇನಾಕ್ಕೆ ಒದಗಿದ ಸ್ಥಾನ ಹೀಗೆ: ಪೊತೊಸಿ ಮೊದಲಾದ ಗಣಿಗಳ ಬೆಳ್ಳಿಯು ಪೆಸಿಫಿಕ್ ಸಾಗರದ ಮೇಲೆ ಪನಾಮಾಕ್ಕೆ ಬಂದು, ಅಲ್ಲಿಂದ ಹೇಸರಗತ್ತೆಗಳ ಬೆನ್ನೇರಿ ಭೂಸಂಧಿಯನ್ನು ದಾಟಿ ಪೋರ್ತೊಬೇಲೊ ಎಂಬ ರೇವಿನ ಜಾತ್ರೆಗೆ ಇಳಿಯುತ್ತಿತ್ತು. ಆ ಜಾತ್ರೆಗೆಂದು ಸ್ಪೇನಿನಿಂದ ಹೊರಟ ಗ್ಯಾಲಿಯನ್ ಹಡಗುಗಳ ದಂಡು ಮೊದಲು ಬಂದು ತಂಗುತ್ತಿದ್ದುದೂ, ಬೆಳ್ಳಿಯನ್ನು ತುಂಬಿಕೊಂಡ ಮೇಲೆ ಹಿಂದಿರುಗಿ ಹವಾನಾದತ್ತ ಸಾಗುವ ಮುನ್ನ ಸಜ್ಜಾಗುತ್ತಿದ್ದುದೂ ಈ ಕೊಲ್ಲಿಯಲ್ಲಿಯೇ. 1650ರಲ್ಲಿ ತೋಡಿಸಿದ ದೀಕೆ ಕಾಲುವೆಯು ಮಗ್ದಲೇನಾ ಮಹಾನದಿಯನ್ನು ಕೊಲ್ಲಿಗೆ ಜೋಡಿಸಿದುದರಿಂದ, ಒಳನಾಡಿನ ಸಂಪತ್ತಿಗೂ ಇದೇ ಹೆಬ್ಬಾಗಿಲಾಯಿತು. ಮೂಸೊ ಗಣಿಗಳ ಪಚ್ಚೆಗಳು ಕೊಲಂಬಿಯಾದ ನೆಲದಿಂದ ಹಡಗೇರಿ ಐರೋಪ್ಯ ವ್ಯಾಪಾರಿಗಳ ಕೈಯಿಂದ ಕೈಗೆ ಸಾಗಿ ಗೋವೆಯನ್ನು ತಲಪಿ, ಮೊಗಲರ ಮತ್ತು ದಖ್ಖನಿನ ಸುಲ್ತಾನರ ಭಂಡಾರಗಳನ್ನು ಸೇರಿದವು. ನಮ್ಮ ವಸ್ತುಸಂಗ್ರಹಾಲಯಗಳಲ್ಲಿ ಮೊಗಲರ ಕಾಲದ ಆಭರಣಗಳ ಹಸಿರು ಹರಳುಗಳನ್ನು ಕಂಡು ಬೆರಗಾಗುವವರು, ಅವುಗಳಲ್ಲಿ ಬಹುಪಾಲು ಹುಟ್ಟಿದುದು ಭೂಮಂಡಲದ ಆಚೆಯ ಪಾರ್ಶ್ವದ ಈ ನೆಲದಲ್ಲಿ ಎಂಬುದನ್ನು ನೆನೆದರೆ, ಕಾರ್ತಹೇನಾ ಅಷ್ಟೊಂದು ದೂರದ್ದಾಗಿ ತೋರದು.

ಗೋಡೆ ಮತ್ತು ನೀರು

ಸಂಪತ್ತು ಕೂಡಿದಲ್ಲಿಗೆ ಸೂರೆಗಾರರು ಬರುವುದು ಲೋಕಸ್ವಭಾವ. 1586ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಡ್ರೇಕನು ಊರನ್ನು ಹಿಡಿದು, ಮನೆಗಳನ್ನು ಸುಟ್ಟು, ಕಟ್ಟುತ್ತಿದ್ದ ಪ್ರಧಾನ ಇಗರ್ಜಿಯನ್ನು ಕೆಡಿಸಿ, 1,07,000 ಡುಕಾಟ್ ನಾಣ್ಯಗಳನ್ನು ಬಿಡುಗಡೆಯ ಹಣವಾಗಿ ಪಡೆದ ಮೇಲೆಯೇ ಹೊರಟುಹೋದನು. ಈ ಅಪಮಾನದಿಂದ ಎಚ್ಚೆತ್ತ ಎರಡನೆಯ ಫಿಲಿಪ್ ದೊರೆಯು ಬಾವ್ತಿಸ್ತಾ ಆಂತೊನೆಲ್ಲಿ ಎಂಬ ಇಟಲಿಯ ದುರ್ಗಶಿಲ್ಪಿಯನ್ನು ಕಳುಹಿಸಿಕೊಟ್ಟನು. ಅವನು ರೂಪಿಸಿದ ಯೋಜನೆಯಂತೆ ಆರಂಭವಾದ ಕೆಲಸವು, ಕಡಲ ಅಲೆಗೂ ಶತ್ರುವಿನ ಗುಂಡಿಗೂ ಸಿಕ್ಕಿ ಮತ್ತೆ ಮತ್ತೆ ಬಿದ್ದು ಮತ್ತೆ ಮತ್ತೆ ಎದ್ದು, 1796ರಲ್ಲಿ ಮುಗಿಯಿತೆಂದರೆ, ಇನ್ನೂರು ವರ್ಷಗಳ ಕಾಲ ಈ ಊರಿನಲ್ಲಿ ಕಲ್ಲುಕುಟಿಗರ ಉಳಿಯ ಸದ್ದು ಪೂರ್ಣವಾಗಿ ನಿಂತುದೇ ಇಲ್ಲವೆನ್ನಬೇಕು. ಗೋಡೆಗಳ ಒಟ್ಟು ಉದ್ದವು ಸುಮಾರು 11 ಕಿಲೋಮೀಟರ್.

ಗೋಡೆಯನ್ನು ದೂರದಿಂದ ನೋಡಿ ತೃಪ್ತರಾಗದೆ ಹತ್ತಿರಕ್ಕೆ ಹೋಗಿ ಕಲ್ಲನ್ನು ಕೈಯಿಂದ ಸವರಿ ನೋಡಬೇಕು. ಮೈಯೆಲ್ಲ ರಂಧ್ರ, ಅಲ್ಲಲ್ಲಿ ಬೀಸಣಿಗೆಯಾಕಾರದ ಗೆರೆಗಳು, ಕೆಲವೆಡೆ ಚಿಪ್ಪಿನ ಅಚ್ಚು; ಇದು ಹವಳದ ದಿಬ್ಬಗಳಿಂದ ಕಡಿದು ತಂದ ಸುಣ್ಣಶಿಲೆ. ನೀರೊಳಗಣ ಜೀವಿಗಳು ಸಹಸ್ರಾರು ವರ್ಷ ಕಟ್ಟಿದುದನ್ನೇ ಮನುಷ್ಯನು ತೆಗೆದು ಸುಣ್ಣದ ಗಾರೆಯಿಂದ ಬೆಸೆದು ಮತ್ತೆ ಕಡಲಿಗೆ ಎದುರಾಗಿ ನಿಲ್ಲಿಸಿದ್ದಾನೆ. ಪೆಡಸಾದ ಕಲ್ಲಾದರೆ ಗುಂಡಿನ ಪೆಟ್ಟಿಗೆ ಸಿಡಿದು ಚೂರಾದೀತು. ಈ ಮೆದುಗಲ್ಲು ಪೆಟ್ಟನ್ನು ತನ್ನೊಳಗೆ ಇಂಗಿಸಿಕೊಳ್ಳುತ್ತದೆ.

ಆದರೂ ಕಾರ್ತಹೇನಾದ ರಕ್ಷಣೆಯ ಮರ್ಮವಿರುವುದು ನೀರಿನಲ್ಲಿ. ಕೊಲ್ಲಿಗೆ ಎರಡು ಬಾಯಿಗಳಿದ್ದವು: ಊರಿಗೆ ಸಮೀಪವಾದ ಅಗಲದ ಬೋಕಾಗ್ರಾಂದೆ, ಮತ್ತು ದಕ್ಷಿಣಕ್ಕೆ ದೂರದಲ್ಲಿರುವ ಇಕ್ಕಟ್ಟಾದ ಬೋಕಾಚಿಕಾ. ಅಗಲದ ಬಾಯಿಯನ್ನು ಕಾಯುವುದು ಕಷ್ಟವಾದುದರಿಂದ, ಆಂತೋನಿಯೊ ದೆ ಅರೇವಲೊ ಎಂಬ ಎಂಜಿನಿಯರನು 18ನೆಯ ಶತಮಾನದ ಉತ್ತರಾರ್ಧದಲ್ಲಿ ಅದಕ್ಕೆ ಅಡ್ಡವಾಗಿ ನೀರಿನ ತಳದಲ್ಲಿಯೇ ಕಲ್ಲಿನ ಒಡ್ಡನ್ನು ಕಟ್ಟಿಸಿದನು. ನೀರಿನ ಮೇಲ್ಮಟ್ಟಕ್ಕಿಂತ ತುಸುವೇ ಕೆಳಗಿರುವ ಆ ಒಡ್ಡನ್ನು ಆಳವಾಗಿ ಮುಳುಗಿ ಸಾಗುವ ಯುದ್ಧನೌಕೆ ದಾಟಲಾರದು. ಅದು ಬೋಕಾಚಿಕಾದ ಇಕ್ಕಟ್ಟಿನಲ್ಲಿ, ಎರಡು ದಡಗಳ ಕೋಟೆಗಳ ಫಿರಂಗಿಗಳ ನಡುವೆಯೇ ನುಸುಳಬೇಕು. ಇಂದಿಗೂ ದೊಡ್ಡ ಹಡಗುಗಳು ಬರುವುದು ಬೋಕಾಚಿಕಾದ ದಾರಿಯಿಂದಲೇ.

1741ರ ಮುತ್ತಿಗೆ

ಊರಿನ ರಕ್ಷಣೆಯು ಕಠೋರವಾದ ಪರೀಕ್ಷೆಗೆ ಒಳಗಾದುದು ಆ ಒಡ್ಡು ಏಳುವುದಕ್ಕೆ ಮೊದಲೇ, 1741ರಲ್ಲಿ. ಬ್ರಿಟನ್ನಿನ ಅಡ್ಮಿರಲ್ ಎಡ್ವರ್ಡ್ ವರ್ನನನು 180ಕ್ಕೂ ಹೆಚ್ಚು ಹಡಗುಗಳೊಂದಿಗೆ ಕೊಲ್ಲಿಯ ಮುಂದೆ ಕಾಣಿಸಿಕೊಂಡಾಗ, ಒಳಗಿದ್ದ ಯುದ್ಧನೌಕೆಗಳು ಆರೇ ಆರು. ಅವುಗಳ ನಾಯಕನಾದ ಬ್ಲಾಸ್ ದೆ ಲೇಸೊ ಎಂಬವನು ಹಿಂದಿನ ಕಾಳಗಗಳಲ್ಲಿ ಒಂದು ಕಾಲನ್ನೂ ಒಂದು ಕಣ್ಣನ್ನೂ ಒಂದು ತೋಳಿನ ಬಲವನ್ನೂ ಕಳೆದುಕೊಂಡಿದ್ದ ಹಿರಿಯ ನಾವಿಕ. ಬೋಕಾಚಿಕಾದ ಕೋಟೆಗಳು ಬಿದ್ದವು. ಇಂಗ್ಲಿಷರು ಕೊಲ್ಲಿಯನ್ನು ಹೊಕ್ಕರು. ಜಯವು ಕೈಗೂಡಿತೆಂಬ ಸುದ್ದಿ ಲಂಡನ್ನಿಗೆ ಮುಟ್ಟಿ ಅಲ್ಲಿ ವಿಜಯಸ್ಮಾರಕ ಪದಕಗಳೂ ಅಚ್ಚಾದವು. ಆದರೆ ಸಾನ್ ಲಾಸರೊ ಗುಡ್ಡದ ಮೇಲಣ ಸಾನ್ ಫೆಲಿಪೆ ದೆ ಬರಾಹಾಸ್ ಕೋಟೆಯನ್ನು ಹತ್ತಲು ಬಂದವರ ಏಣಿಗಳು ಗೋಡೆಯ ಎತ್ತರಕ್ಕೆ ಸಾಲದೆಹೋದವು. ಮಳೆಗಾಲ ಹತ್ತಿರ ಬಂದಂತೆ ಹಳದಿ ಜ್ವರವು ದಂಡಿನೊಳಗೆ ಹರಡಿ ಸಾವಿರಾರು ಸೈನಿಕರನ್ನು ಕೊಂದಿತು. ಮೇ ತಿಂಗಳಲ್ಲಿ ನೌಕಾಪಡೆಯು ಹಿಂದಿರುಗಿತು. ಗೆದ್ದ ಲೇಸೊ ಅದೇ ವರ್ಷ ತೀರಿಕೊಂಡನು. ಸೋತ ವರ್ನನನ ಹೆಸರು ಮಾತ್ರ ವಿಚಿತ್ರವಾದ ರೀತಿಯಲ್ಲಿ ಉಳಿಯಿತು: ಅವನ ದಂಡಿನಲ್ಲಿದ್ದ ಲಾರೆನ್ಸ್ ವಾಷಿಂಗ್ಟನ್ ಎಂಬವನು ವರ್ಜೀನಿಯದಲ್ಲಿನ ತನ್ನ ಜಮೀನಿಗೆ ಮೌಂಟ್ ವರ್ನನ್ ಎಂದು ಹೆಸರಿಟ್ಟನು, ಅವನ ತಮ್ಮ ಜಾರ್ಜ್ ಮುಂದೆ ಅಮೆರಿಕದ ಮೊದಲ ಅಧ್ಯಕ್ಷನಾದಾಗ ಆ ಮನೆಯು ಲೋಕಪ್ರಸಿದ್ಧವಾಯಿತು.

ಸಾನ್ ಫೆಲಿಪೆ ಕೋಟೆಯ ಇಂದಿನ ರೂಪಕ್ಕೆ ಬಹುಮಟ್ಟಿಗೆ ಅರೇವಲೊ 1762ರಿಂದ ಮುಂದೆ ಮಾಡಿಸಿದ ವಿಸ್ತರಣೆಯೇ ಕಾರಣ. ಗುಡ್ಡದ ಮೈಯನ್ನೇ ಇಳಿಜಾರು ಗೋಡೆಗಳಿಂದ ಹೊದಿಸಿ, ಒಂದು ಬತ್ತೇರಿಯು ಶತ್ರುವಿನ ವಶವಾದರೆ ಮೇಲಿನ ಬತ್ತೇರಿಯಿಂದ ಅದರ ಮೇಲೆ ಗುಂಡು ಸುರಿಸುವಂತೆ ಹಂತಹಂತವಾಗಿ ಕಟ್ಟಿದ್ದಾರೆ. ಒಳಗಿನ ಸುರಂಗಗಳಲ್ಲಿ ತಲೆತಗ್ಗಿಸಿ ನಡೆಯಬೇಕು. ಇಕ್ಕೆಲಗಳಲ್ಲಿ ಒಬ್ಬ ಕಾವಲಿನವನು ಮರೆಯಾಗಿ ನಿಲ್ಲುವಷ್ಟು ಗೂಡುಗಳಿವೆ. ತೇವದ ಕಲ್ಲಿನ ಮೇಲೆ ಇಟ್ಟ ಒಂದು ಹೆಜ್ಜೆಯ ಸಪ್ಪಳವೂ ಸುರಂಗದ ಆ ತುದಿಗೆ ಸ್ಪಷ್ಟವಾಗಿ ಕೇಳಿಸುತ್ತದೆ. ಶತ್ರುವಿನ ಆಗಮನವನ್ನು ಕಿವಿಯಿಂದಲೇ ತಿಳಿಯುವ ಏರ್ಪಾಡು ಅದು.

ಮನುಷ್ಯರನ್ನು ಮಾರಿದ ಅಂಗಳ

ಇಷ್ಟೆಲ್ಲ ಕಲ್ಲನ್ನು ಕಡಿದವರು, ಹೊತ್ತವರು, ಕಟ್ಟಿದವರು ಬಹುಸಂಖ್ಯೆಯಲ್ಲಿ ಆಫ್ರಿಕದಿಂದ ಬಲಾತ್ಕಾರವಾಗಿ ತಂದ ಗುಲಾಮರು. ಸ್ಪೇನಿನ ಸಾಮ್ರಾಜ್ಯದಲ್ಲಿ ಗುಲಾಮರ ವ್ಯಾಪಾರಕ್ಕೆ ಮಾನ್ಯವಾದ ಪ್ರಮುಖ ರೇವುಗಳಲ್ಲಿ ಕಾರ್ತಹೇನಾ ಒಂದಾಗಿದ್ದು, ಅಂಗೋಲಾ, ಕಾಂಗೋ, ಗಿನಿ ತೀರಗಳಿಂದ ಬಂದ ಹಡಗುಗಳು ತಮ್ಮ ದಾರುಣವಾದ ಸರಕನ್ನು ಇಲ್ಲಿ ಇಳಿಸುತ್ತಿದ್ದವು. ಗಡಿಯಾರ ಗೋಪುರದ ಬಾಗಿಲನ್ನು ದಾಟಿದೊಡನೆ ಸಿಕ್ಕುವ, ಇಂದು ಹಳದಿ ಬಣ್ಣದ ಕಮಾನುಗಳಿಂದ ಶೋಭಿಸುವ ತ್ರಿಕೋನಾಕಾರದ ಅಂಗಳವೇ ಆಗಿನ ಗುಲಾಮರ ಸಂತೆ. ಅದೇ ಕಮಾನುಗಳ ನೆರಳಿನಲ್ಲಿ ಈಗ ಮಿಠಾಯಿ ಮಾರುವ ಹೆಂಗಸರು ಗಾಜಿನ ಭರಣಿಗಳನ್ನು ಸಾಲಾಗಿ ಇಟ್ಟುಕೊಂಡು ಕೂತಿರುತ್ತಾರೆ: ತೆಂಗಿನಕಾಯಿಯ ತುರಿಯನ್ನು ಸಕ್ಕರೆಪಾಕದಲ್ಲಿ ಕಾಯಿಸಿ ಮಾಡಿದ ಕೊಕಾದಾ, ಸಕ್ಕರೆಯಲ್ಲಿ ಹೊರಳಿಸಿದ ಹುಣಸೆಹಣ್ಣಿನ ಉಂಡೆ. ಕನ್ನಡಿಗನ ನಾಲಿಗೆಗೆ ಈ ರುಚಿಗಳು ಹೊಸತಲ್ಲ. ತೆಂಗು, ಹುಣಸೆ, ಮಾವು ಇವೆಲ್ಲ ಅಮೆರಿಕದ ಸ್ವಂತ ಬೆಳೆಗಳಲ್ಲದೆ, ಗುಲಾಮರನ್ನೂ ಬೆಳ್ಳಿಯನ್ನೂ ಸಾಗಿಸಿದ ಆ ಯುಗದ ಕಡಲುದಾರಿಗಳಲ್ಲಿಯೇ ಆಫ್ರಿಕ ಏಷ್ಯಗಳಿಂದ ಇಲ್ಲಿಗೆ ಬಂದು ಬೇರೂರಿದವು.

ಈ ಕ್ರೌರ್ಯದ ನಡುವೆ ಎದ್ದ ಒಂದು ಕರುಣೆಯ ಹೆಸರು ಪೇದ್ರೊ ಕ್ಲವೇರ್. 1610ರಲ್ಲಿ ಇಲ್ಲಿಗೆ ಬಂದ ಈ ಜೆಸುಯಿಟ್ ಸನ್ಯಾಸಿಯು, ಆಲೊನ್ಸೊ ದೆ ಸಂದೊವಾಲ್ ಎಂಬ ಹಿರಿಯನ ಮಾರ್ಗದರ್ಶನದಲ್ಲಿ ಕೆಲಸವನ್ನು ಕಲಿತು, ಹಡಗು ಬಂದಿತೆಂದು ತಿಳಿದೊಡನೆ ಅನ್ನ, ನೀರು, ಔಷಧಿಗಳನ್ನು ಹೊತ್ತು, ಅವರವರ ಭಾಷೆಯನ್ನು ಬಲ್ಲ ಆಫ್ರಿಕನ್ ದುಭಾಷಿಗಳನ್ನು ಜೊತೆಗೆ ಕರೆದುಕೊಂಡು, ದುರ್ಗಂಧಮಯವಾದ ಒಳತಳಕ್ಕೆ ಇಳಿಯುತ್ತಿದ್ದನು. ಸರಿಸುಮಾರು 40 ವರ್ಷ ಹೀಗೆ ದುಡಿದು 1654ರಲ್ಲಿ ತೀರಿಕೊಂಡನು. ಅವನ ಅಸ್ಥಿಗಳು ಅವನ ಹೆಸರಿನ ಇಗರ್ಜಿಯ ಪೀಠದ ಕೆಳಗೆ ಗಾಜಿನ ಪೆಟ್ಟಿಗೆಯಲ್ಲಿವೆ. ಅವನ ಸೇವೆಯು ಗುಲಾಮಗಿರಿಯೆಂಬ ವ್ಯವಸ್ಥೆಯನ್ನು ಕೊನೆಗಾಣಿಸಲಿಲ್ಲ. ಅದಕ್ಕೆ 1851ರ ಶಾಸನದವರೆಗೆ ಕಾಯಬೇಕಾಯಿತು. ಆದರೆ ಮನುಷ್ಯನನ್ನು ಸರಕೆಂದು ಎಣಿಸುತ್ತಿದ್ದ ಕಾಲದಲ್ಲಿ ಆ ಸರಕಿನ ಮುಖವನ್ನು ನೋಡಿ ಮಾತನಾಡಿಸಿದವನೆಂಬ ಗೌರವವು ಅವನಿಗೆ ಸಲ್ಲಬೇಕು. ಇದೇ ಊರಿನಲ್ಲಿ ಅದೇ 1610ರಲ್ಲಿ ಇನ್‌ಕ್ವಿಸಿಷನ್ ಎಂಬ ಧರ್ಮವಿಚಾರಣೆಯ ನ್ಯಾಯಪೀಠವೂ ಸ್ಥಾಪಿತವಾಯಿತು. ಅದರ ಅರಮನೆಯ ಪಕ್ಕದ ಗೋಡೆಯಲ್ಲಿ, ನೆರೆಯವನ ಮೇಲೆ ಗುಟ್ಟಾಗಿ ದೂರು ಹೇಳಲೆಂದು ಮಾಡಿದ, ಶಿಲುಬೆಯ ಗುರುತುಳ್ಳ ಪುಟ್ಟ ಕಿಟಕಿಯೊಂದು ಇಂದಿಗೂ ಇದೆ. ಒಂದೇ ಮತವು ಒಂದೇ ಪಟ್ಟಣದಲ್ಲಿ ಕರುಣೆಯನ್ನೂ ಭಯವನ್ನೂ ಬೆಳೆಸಿದುದನ್ನು ಕೆಲವೇ ನಿಮಿಷಗಳ ನಡಿಗೆಯೊಳಗೆ ಕಾಣಬಹುದು.

ಗೋಡೆಯ ಹೊರಗಿನ ಚರಿತ್ರೆ

ಸಂಕಟಪಟ್ಟವರು ಬರಿದೆ ಕರುಣೆಗೆ ಕಾದು ಕುಳಿತವರಲ್ಲ. ಬೆಂಕೋಸ್ ಬಿಯೊಹೊ ಎಂಬ ಆಫ್ರಿಕನ್ ನಾಯಕನು 1600ರ ಆಸುಪಾಸಿನಲ್ಲಿ ತನ್ನವರೊಡನೆ ತಪ್ಪಿಸಿಕೊಂಡು ಒಳನಾಡಿನ ಕಾಡು ಜೌಗುಗಳಲ್ಲಿ ಮರದ ಬೇಲಿಯ ಕಾವಲುಳ್ಳ ನೆಲೆಯನ್ನು ಕಟ್ಟಿ, ಅಧಿಕಾರಿಗಳೇ ಸಂಧಿಗೆ ಬರುವಂತೆ ಮಾಡಿದನು. ಸಂಧಿಯು ಮುರಿದು, 1621ರಲ್ಲಿ ಅವನನ್ನು ಕೊಂದರೂ, ಅಂಥ ನೆಲೆಗಳು ಅಳಿಯಲಿಲ್ಲ. ಅವುಗಳಲ್ಲಿ ಒಂದಾದ ಸಾನ್ ಬಸೀಲಿಯೊ ದೆ ಪಲೆಂಕೆ, ಕಾರ್ತಹೇನಾದಿಂದ ಸುಮಾರು 50 ಕಿಲೋಮೀಟರ್ ದೂರದಲ್ಲಿ ಇಂದಿಗೂ ಬಾಳುತ್ತಿದೆ. ಸ್ಪೇನಿನ ಶಬ್ದಗಳೂ ಕಾಂಗೋ ಸೀಮೆಯ ಭಾಷೆಗಳ ಪ್ರಭಾವವೂ ಕೂಡಿ ಹುಟ್ಟಿದ ಭಾಷೆಯೊಂದನ್ನು ಅಲ್ಲಿಯ ಜನ ಆಡುತ್ತಾರೆ. ಸತ್ತವರನ್ನು ಹಾಡಿ ಬೀಳ್ಕೊಡುವ ಸಂಪ್ರದಾಯವನ್ನು ಉಳಿಸಿಕೊಂಡಿದ್ದಾರೆ. 2005ರಲ್ಲಿ ಯುನೆಸ್ಕೋ ಈ ಹಳ್ಳಿಯ ಸಂಸ್ಕೃತಿಗೂ ವಿಶೇಷ ಮನ್ನಣೆಯಿತ್ತಿತು. ಕಾರ್ತಹೇನಾದ ಬೀದಿಗಳಲ್ಲಿ ತಲೆಯ ಮೇಲೆ ಹಣ್ಣಿನ ಬೋಗುಣಿಯನ್ನು ಹೊತ್ತು ಬಣ್ಣದ ಲಂಗ ತೊಟ್ಟು ನಡೆಯುವ ಹೆಂಗಸರನ್ನು ಯಾತ್ರಿಕರೆಲ್ಲ ಚಿತ್ರ ತೆಗೆಯುತ್ತಾರೆ. ಅವರು ಆ ಹಳ್ಳಿಯ ಪರಂಪರೆಯ ಸ್ವತಂತ್ರ ಮನೆತನಗಳವರು.

ಊರಿನ ಒಳಗೂ ಬಡವರ, ಕುಶಲಕರ್ಮಿಗಳ ಕೇರಿಯಾದ ಹೆತ್ಸೆಮನಿಯೇ ಸ್ವಾತಂತ್ರ್ಯದ ಮುಂಚೂಣಿಯಾಯಿತು. 1811ರ ನವೆಂಬರ್ 11ರಂದು ಪೇದ್ರೊ ರೊಮೇರೊ ಮೊದಲಾದವರ ನಾಯಕತ್ವದಲ್ಲಿ ಆ ಕೇರಿಯ ಜನ ಒಟ್ಟುಗೂಡಿ ನಡೆದು, ಸ್ಪೇನಿನಿಂದ ಪೂರ್ಣ ಸ್ವಾತಂತ್ರ್ಯವನ್ನು ಘೋಷಿಸುವಂತೆ ಆಡಳಿತ ಮಂಡಲಿಯನ್ನು ಒಡಂಬಡಿಸಿದರು. 1815ರಲ್ಲಿ ಸ್ಪೇನಿನ ಸೇನಾನಿ ಪಾಬ್ಲೊ ಮೊರಿಯೊ ಬಂದು ಊರನ್ನು ನೂರಕ್ಕೂ ಹೆಚ್ಚು ದಿನ ಮುತ್ತಿದಾಗ, ಶತ್ರುವನ್ನು ತಡೆಯಲು ಕಟ್ಟಿದ ಗೋಡೆಯೊಳಗೆ ಊರಿನವರೇ ಹಸಿವಿನಿಂದ ಸಾವಿರಾರು ಸಂಖ್ಯೆಯಲ್ಲಿ ಮಡಿದರು. ವೀರನಗರಿ ಎಂಬ ಬಿರುದು ಕಾರ್ತಹೇನಾಕ್ಕೆ ಸಂದುದು ಆ ತ್ಯಾಗಕ್ಕಾಗಿ.

ನೋಡುವ ಕ್ರಮ

ಡಿಸೆಂಬರಿನಿಂದ ಮಾರ್ಚಿಯವರೆಗೆ ಮಳೆಯಿಲ್ಲದೆ ಈಶಾನ್ಯದ ವಾಣಿಜ್ಯ ಮಾರುತವು ಬೀಸುತ್ತಿರುವುದರಿಂದ ಪ್ರವಾಸಕ್ಕೆ ಅದು ಅನುಕೂಲವಾದ ಕಾಲ. ಬಿಸಿಲೇರುವ ಮುನ್ನ ಲಾ ಪೋಪಾ ಗುಡ್ಡವನ್ನು ಹತ್ತಿ, 17ನೆಯ ಶತಮಾನದ ಮಠದ ಅಂಗಳದಿಂದ ಕೊಲ್ಲಿಯ ಒಟ್ಟು ರೂಪವನ್ನು ಕಣ್ಣಿಗೆ ತಂದುಕೊಂಡರೆ, ಆ ಬಳಿಕ ನೋಡುವ ಒಂದೊಂದು ಕೋಟೆಯೂ ತನ್ನ ಸ್ಥಾನದಲ್ಲಿ ಅರ್ಥವಾಗುತ್ತದೆ. ಬಳಿಕ ಸಾನ್ ಫೆಲಿಪೆ, ಮಧ್ಯಾಹ್ನದ ಸೆಕೆಯಲ್ಲಿ ಕ್ಲವೇರನ ಮಠದ ನೆರಳು, ಇಳಿಹೊತ್ತಿನಲ್ಲಿ ಕಡಲ ಕಡೆಯ ಗೋಡೆ. ಸಾಹಿತ್ಯಪ್ರಿಯರು ಲಾ ಮೆರ್ಸೆದ್ ಎಂಬ ಹಳೆಯ ಮಠಕ್ಕೂ ಹೋಗಬಹುದು. 1948ರಲ್ಲಿ ಈ ಊರಿಗೆ ಬಂದು ‘ಎಲ್ ಉನಿವೆರ್ಸಾಲ್’ ಪತ್ರಿಕೆಯಲ್ಲಿ ಬರವಣಿಗೆಯ ವೃತ್ತಿಯನ್ನು ಆರಂಭಿಸಿದ ಗೇಬ್ರಿಯಲ್ ಗಾರ್ಸಿಯಾ ಮಾರ್ಕ್ವೆಜ್ ಅವರ ಚಿತಾಭಸ್ಮವನ್ನು ಅಲ್ಲಿ ಇಡಲಾಗಿದೆ.

ಇಷ್ಟಕ್ಕೇ ಹಿಂದಿರುಗುವವನು ಕಾರ್ತಹೇನಾದ ಅರ್ಧವನ್ನು ಮಾತ್ರ ಕಂಡಂತೆ. ಹೆತ್ಸೆಮನಿಯ ತ್ರಿನಿದಾದ್ ಅಂಗಳದಲ್ಲಿ ಸಂಜೆ ಕೇರಿಯ ಜನರೊಡನೆ ಕೂರುವುದಕ್ಕೂ, ಮಾರನೆಯ ದಿನ ಪಲೆಂಕೆಗೆ ಹೋಗಿಬರುವುದಕ್ಕೂ ಬಿಡುವು ಮಾಡಿಕೊಳ್ಳಬೇಕು. ಬೆಳ್ಳಿಯು ಸ್ಪೇನಿನ ಯುದ್ಧಗಳಲ್ಲಿ ವ್ಯಯವಾಯಿತು, ನಿಧಿಯನ್ನು ಹೊತ್ತು 1708ರಲ್ಲಿ ಹತ್ತಿರದಲ್ಲೇ ಮುಳುಗಿ, 2015ರಲ್ಲಿ ನೆಲೆ ಪತ್ತೆಯಾದ ಸಾನ್ ಹೊಸೆ ಗ್ಯಾಲಿಯನ್ನಿನ ಸಂಪತ್ತು ಯಾರಿಗೆ ಸೇರಬೇಕೆಂದು ರಾಷ್ಟ್ರಗಳು ವಾದಿಸಿದವು, ಫಿರಂಗಿಗಳು ನಿರುಪಯೋಗಿಯಾದವು. ಆದರೆ ಆ ಗೋಡೆಗಳಿಗೆ ಕಲ್ಲು ಹೊತ್ತವರು ಬಿಡುಗಡೆಗಾಗಿ ಕಾಡಿನಲ್ಲಿ ಕಟ್ಟಿಕೊಂಡ ಹಳ್ಳಿಯಲ್ಲಿ ಅವರ ಮೊಮ್ಮಕ್ಕಳ ಮೊಮ್ಮಕ್ಕಳು ಇಂದಿಗೂ ತಮ್ಮದೇ ಮಾತನ್ನಾಡುತ್ತ ಬದುಕಿದ್ದಾರೆ. ರೇವುಪಟ್ಟಣಗಳ ಚರಿತ್ರೆಯನ್ನು ದೊರೆಗಳ ದಾಖಲೆಗಳಿಂದಷ್ಟೇ ಓದುವ ಅಭ್ಯಾಸವುಳ್ಳ ನಮಗೆ, ಕೋಟೆಯನ್ನು ಕಟ್ಟಿದವರ ಚರಿತ್ರೆಯೂ ಕೋಟೆಯಷ್ಟೇ ಗಟ್ಟಿಯಾದುದೆಂಬ ಪಾಠವನ್ನು ಕಾರ್ತಹೇನಾದಷ್ಟು ಪ್ರತ್ಯಕ್ಷವಾಗಿ ಕಲಿಸುವ ಊರುಗಳು ಲೋಕದಲ್ಲಿ ಹೆಚ್ಚಿಲ್ಲ.