ಭೂತಯ್ಯನ ಭರಣಿ ಬೇಕರಿಗೆ ಬಂತು!

ಸಿನಿಮಾ ಹುಚ್ಚರಿಗೆ ಹೊಟ್ಟೆಯ ಚಿಂತೆ ಇಲ್ಲ ಅಂದವರು ಯಾರು? ಶಿವಮೊಗ್ಗದ ವಿನೋಬನಗರಕ್ಕೆ ಬಂದು ನೋಡಿ ಸ್ವಾಮಿ! ಪೊಲೀಸ್ ಚೌಕಿಯ ಹತ್ತಿರ ಸಂಜೆ ಸೇರುವ ನಮ್ಮ ಗುಂಪಿಗೆ ಮೊನ್ನೆ ಒಂದು ಹೊಸ ಹುಚ್ಚು ಹಿಡಿಯಿತು. ಭಾನುವಾರ ಬುತ್ತಿ ಊಟ! ಒಬ್ಬೊಬ್ಬ ಒಂದೊಂದು ತಿಂಡಿ ತರಬೇಕು. ನೋಡಿದ ಕೂಡಲೇ ಹಳೇ ಕನ್ನಡ ಚಿತ್ರವೊಂದರ ಹೆಸರು ಎಲ್ಲರ ಬಾಯಿಗೆ ಬರಬೇಕು. ತಂದವನೇ ಬಾಯಿಬಿಟ್ಟು ಹೇಳಬೇಕಾಗಿ ಬಂದರೆ ಅವನು ಸೋತ ಹಾಗೆ!

ಕೇಳಲು ತಮಾಷೆ. ಆದರೆ ನನ್ನ ಮನಸ್ಸಿನಲ್ಲಿ ಬೇರೆಯೇ ಲೆಕ್ಕವಿತ್ತು. ನಮ್ಮಲ್ಲಿ ಇಬ್ಬರು ಗೆಳೆಯರು. ಒಬ್ಬ ಆಟೋ ಓಡಿಸುತ್ತಾನೆ, ಇನ್ನೊಬ್ಬನದು ಮೊಬೈಲ್ ರಿಪೇರಿ ಅಂಗಡಿ. ಒಂದೇ ತಟ್ಟೆಯಲ್ಲಿ ಉಂಡವರು. ಯಾರ ಹೀರೋ ದೊಡ್ಡವನು ಎಂಬ ಜಗಳದಲ್ಲಿ ಕಟೌಟ್ ಕೆಳಗೇ ಕಾಲರ್ ಹಿಡಿದುಕೊಂಡರು. ಆಮೇಲೆ ಎರಡು ವರ್ಷ ಮಾತಿಲ್ಲ, ಕತೆಯಿಲ್ಲ. ಆ ಹೀರೋಗಳಿಗೆ ಇವರು ಯಾರೆಂದೇ ಗೊತ್ತಿಲ್ಲ! ಇಬ್ಬರೂ ಊಟಕ್ಕೆ ಬರುತ್ತೇವೆ ಅಂದಿದ್ದರು. ‘ಅವನು ಈ ಮೂಲೆ, ನಾನು ಆ ಮೂಲೆ’ ಎಂಬ ಕರಾರಿನ ಮೇಲೆ.

ಆಗ ಹೊಳೆದದ್ದು ‘ಭೂತಯ್ಯನ ಮಗ ಅಯ್ಯು’. 1974ರ ಚಿತ್ರ. ಗೊರೂರು ರಾಮಸ್ವಾಮಿ ಅಯ್ಯಂಗಾರರ ಕಥೆ, ಸಿದ್ದಲಿಂಗಯ್ಯನವರ ನಿರ್ದೇಶನ. ಅಯ್ಯುವಾಗಿ ಲೋಕೇಶ್, ಗುಳ್ಳನಾಗಿ ವಿಷ್ಣುವರ್ಧನ್, ಭೂತಯ್ಯನಾಗಿ ಎಂ.ಪಿ. ಶಂಕರ್. ಹಗೆಯಿಂದ ಹೊತ್ತಿ ಉರಿದು, ನೆರೆಯ ನೀರಿನಲ್ಲಿ ತಣ್ಣಗಾಗುವ ಕಥೆ. ಅದರಲ್ಲಿ ಲೋಕನಾಥ್ ಉಪ್ಪಿನಕಾಯಿ ತಿನ್ನುವ ದೃಶ್ಯ ಇದೆಯಲ್ಲ, ಮರೆಯೋಕಾಗುತ್ತಾ? ನೋಡುತ್ತ ಕೂತವರ ಬಾಯಲ್ಲೂ ನೀರು! 2018ರ ಡಿಸೆಂಬರ್ 31ರಂದು ತೀರಿಕೊಳ್ಳುವ ತನಕವೂ ಅವರು ಜನರಿಗೆ ‘ಉಪ್ಪಿನಕಾಯಿ ಲೋಕನಾಥ್’ ಆಗಿಯೇ ಇದ್ದರು.

ಸರಿ, ಉಪ್ಪಿನಕಾಯಿ ಭರಣಿಯ ಆಕಾರದ ಪಫ್ಸ್ ಮಾಡುವುದು ಅಂತ ತೀರ್ಮಾನ. ಒಳಗೆ ನಮ್ಮ ಮಲೆನಾಡಿನ ಅಪ್ಪೆಮಿಡಿ!

ನನ್ನ ರೂಮಿನಲ್ಲಿ ಇರುವುದು ಒಂದು ಗ್ಯಾಸ್ ಒಲೆ. ಓವನ್‌ಗಾಗಿ ಪರಿಚಯದ ಬೇಕರಿಯ ಯಜಮಾನರ ಕಾಲಿಗೆ ಬಿದ್ದೆ. ‘ಮಧ್ಯಾಹ್ನ ಎರಡರ ಮೇಲೆ ಬಾರಪ್ಪ, ಆಗ ಗಿರಾಕಿ ಕಡಿಮೆ’ ಅಂದರು.

ಮೊದಲ ದಿನ ಭರಣಿಯ ಹಾಗೆ ಹಿಟ್ಟು ಕತ್ತರಿಸಿ, ರಸದ ಸಮೇತ ಮಿಡಿ ತುಂಬಿ, ಒಳಗಿಟ್ಟೆ. ಅಯ್ಯೋ ದೇವರೇ! ರಸ ಸೋರಿ ಟ್ರೇಯಲ್ಲಿ ಕರಕಲು. ತಳ ಹಸಿ ಹಸಿ. ನನ್ನ ಭರಣಿ ತುಳಿದ ಚಪ್ಪಲಿಯ ಹಾಗಿತ್ತು!

ಯಜಮಾನರು ನಕ್ಕು ಗುಟ್ಟು ಬಿಚ್ಚಿದರು. ಮೈದಾ ಹಿಟ್ಟಿನ ನಡುವೆ ಮಾರ್ಗರಿನ್ ಹರಡಿ, ಲಟ್ಟಿಸಿ, ಮೂರು ಪದರ ಮಡಿಸಬೇಕು. ಹೀಗೆ ನಾಲ್ಕು ಸಲ ಮಾಡಿದರೆ ಕೊಬ್ಬಿನ ಪದರ 81! ನಡುನಡುವೆ ತಣ್ಣಗಿಡಬೇಕು, ಇಲ್ಲದಿದ್ದರೆ ಕೊಬ್ಬು ಕರಗಿ ಹಿಟ್ಟಿನೊಳಗೆ ಸೇರಿಬಿಡುತ್ತದೆ. ಓವನ್ನಿನ ಕಾವಿಗೆ ಹಿಟ್ಟಿನ ನೀರು ಉಗಿಯಾಗಿ ಒಂದೊಂದು ಪದರವನ್ನೂ ಮೇಲಕ್ಕೆ ಎತ್ತುತ್ತದೆ. ಒಳಗಿನ ಪಲ್ಯ ಒದ್ದೆಯಾದರೆ ಪದರ ಅಂಟಿಕೊಂಡು ಏಳುವುದೇ ಇಲ್ಲ. ಪಿ.ಯು.ಸಿ. ಅರ್ಧಕ್ಕೆ ಬಿಟ್ಟ ನನಗೆ ಉಗಿಯ ಪಾಠ ತಲೆಗೆ ಹೋದದ್ದು ಅವತ್ತೇ!

ಎರಡನೇ ದಿನ ಪದರ ಎದ್ದವು, ಆದರೆ ಭರಣಿ ಕುಡಿದವನ ಹಾಗೆ ಒಂದು ಕಡೆಗೆ ವಾಲಿತು. ತಪ್ಪು ಚಾಕುವಿನದು. ಮೊಂಡು ಚಾಕು ಹಿಟ್ಟನ್ನು ಕತ್ತರಿಸುವುದಿಲ್ಲ, ಒತ್ತಿ ಅಂಟಿಸುತ್ತದೆ. ಅಂಟಿದ ಕಡೆ ಕುಸಿತ, ಬಿಟ್ಟ ಕಡೆ ಏರಿಕೆ.

ಮೂರನೇ ದಿನ ಮಿಡಿಯ ರಸ ಹಿಂಡಿ ತೆಗೆದೆ, ಸಣ್ಣಗೆ ಹೆಚ್ಚಿದೆ. ಬೇಯಿಸಿದ ಆಲೂಗಡ್ಡೆ, ನೀರು ಆರುವ ತನಕ ಹುರಿದ ಈರುಳ್ಳಿ, ಮಿಕ್ಕ ತೇವ ಹೀರಲು ಎರಡು ಚಮಚ ಹುರಿಗಡಲೆ ಪುಡಿ. ಪೂರ್ತಿ ತಣ್ಣಗಾದ ಮೇಲೆ ತುಂಬಿದೆ. ಹರಿತವಾದ ಚಾಕು, ಮೇಲೆ ಹಾಲಿನ ಲೇಪ, ಭರಣಿಯ ಕತ್ತಿನಲ್ಲಿ ಉಗಿ ಹೋಗಲು ಒಂದು ತೂತು, ತಲೆಗೆ ಪುಟ್ಟ ಮುಚ್ಚಳ. ಇನ್ನೂರು ಡಿಗ್ರಿ ಕಾವು, ಇಪ್ಪತ್ತೈದು ನಿಮಿಷ. ಹೊನ್ನಿನ ಬಣ್ಣದ ಹನ್ನೆರಡು ಭರಣಿ!

ಅವುಗಳಲ್ಲಿ ಎರಡಕ್ಕೆ ಮಾತ್ರ ಒಂದೇ ಮಿಡಿಯನ್ನು ಸೀಳಿ ಅರ್ಧರ್ಧ ಇಟ್ಟಿದ್ದೆ. ಅರ್ಧ ಮಿಡಿ ಸಿಕ್ಕವರಿಬ್ಬರೂ ಎದ್ದು ನಿಂತು ಒಟ್ಟಿಗೆ ಲೋಕನಾಥರ ಅಭಿನಯ ಮಾಡಬೇಕು. ಆ ಎರಡು ಯಾರ ಮುಂದೆ ಹೋಗಬೇಕು ಅಂತ ನಿಮಗೇ ಗೊತ್ತಾಯಿತಲ್ಲ!

ಭಾನುವಾರ ಬಂತು. ಹೆಡೆ ಎತ್ತಿದ ದೊಡ್ಡ ಚಕ್ಕುಲಿ - ‘ನಾಗರಹಾವು’! ಮುತ್ತಿನಂಥ ಸಾಬಕ್ಕಿ ಪಾಯಸ - ‘ಒಂದು ಮುತ್ತಿನ ಕಥೆ’! ಕೇಸರಿಬಾತಿನ ಗೊಂಬೆ - ‘ಬಂಗಾರದ ಮನುಷ್ಯ’! ನನ್ನ ತಟ್ಟೆ ಇಟ್ಟದ್ದೇ ತಡ, ‘ಭೂತಯ್ಯನ ಮಗ ಅಯ್ಯು!’ ಅಂತ ಕೋರಸ್. ಗೆದ್ದೆ!

ಆದರೆ ಯಾರೋ ಪುಣ್ಯಾತ್ಮ ತಟ್ಟೆ ತಿರುಗಿಸಿಬಿಟ್ಟ. ಅರ್ಧ ಮಿಡಿ ಒಂದು ಅವನಿಗೇ, ಇನ್ನೊಂದು ನನಗೆ! ಎದ್ದು ನಿಂತು ನಾವಿಬ್ಬರು ಮಂಗನ ಹಾಗೆ ನಾಲಿಗೆ ಚಪ್ಪರಿಸಿದೆವು. ನನ್ನ ಪ್ಲಾನು ಗೋವಿಂದ!

ಅಷ್ಟರಲ್ಲಿ ಮೂಲೆಯಿಂದ ಕೆಮ್ಮು. ಭರಣಿಯನ್ನು ಒಂದೇ ತುತ್ತಿಗೆ ಬಾಯಿಗಿಟ್ಟ ಆಟೋ ಗೆಳೆಯನಿಗೆ ಖಾರ ನೆತ್ತಿಗೇರಿತ್ತು. ಮುಖ ಕೆಂಪು, ಕಣ್ಣಲ್ಲಿ ನೀರು. ನಾವು ಏಳುವ ಮೊದಲೇ ಆ ಮೂಲೆಯವನು ಈ ಮೂಲೆಗೆ ಬಂದಿದ್ದ. ಒಂದು ಕೈಯಲ್ಲಿ ಅವನ ಬೆನ್ನು ತಟ್ಟುತ್ತ, ಇನ್ನೊಂದರಲ್ಲಿ ಲೋಟ ಹಿಡಿದು, ‘ಕುಡಿಯೋ ಮಾರಾಯ, ಮೆಲ್ಲಗೆ ತಿನ್ನೋಕೆ ನಿಂಗೆ ಯಾವತ್ತೂ ಬರಲಿಲ್ಲ ನೋಡು’ ಅಂದ.

ಎರಡು ವರ್ಷದ ಮೇಲೆ ಆಡಿದ ಮೊದಲ ಮಾತು. ಆಟೋ ಗೆಳೆಯ ನೀರು ಕುಡಿದು, ‘ನಿಂದು ತಿಂದಾಯ್ತಾ?’ ಅಂತ ಕೇಳಿದ. ನಾವ್ಯಾರೂ ಉಸಿರೆತ್ತಲಿಲ್ಲ. ಪಾಯಸದ ಕಡೆ ನೋಡುತ್ತ ಕೂತೆವು.

ಸಿನಿಮಾದಲ್ಲಿ ಹಗೆ ಕರಗಲು ಊರಿಗೇ ನೆರೆ ಬರಬೇಕಾಯಿತು. ವಿನೋಬನಗರದಲ್ಲಿ ಒಂದು ಲೋಟ ನೀರು ಸಾಕಾಯಿತು. ಕಟೌಟ್ ಕೆಳಗೆ ಜಗಳವಾಡಿ ಗೆಳೆಯನನ್ನು ಕಳೆದುಕೊಂಡವರು ನಿಮ್ಮಲ್ಲೂ ಇದ್ದೀರಾ? ಹಾಗಾದರೆ ಒಂದು ಪಫ್ಸ್ ಕೊಂಡು ಅವನ ಮನೆಗೆ ಹೋಗಿ. ಖಾರ ಸ್ವಲ್ಪ ಜಾಸ್ತಿಯೇ ಇರಲಿ!