ಎರಡನೇ ಊರಿನಲ್ಲಿ ಲೆಕ್ಕದ ಪ್ರತಿ: ಸುರಂಗ ಸಂಪರ್ಕದ ಸರ್ಕ್ಯೂಟುಗಳನ್ನು ಹೊಂದಿಸುವ ಬಗೆ

ಶೇಂಗಾ, ಹಿಂಡಿ, ಎಣ್ಣೆ ಇವೆಲ್ಲವೂ ಬೇಗ ಬೆಂಕಿಗೆ ತುತ್ತಾಗುವ ಸರಕುಗಳು. ಆದಕಾರಣ ಚಳ್ಳಕೆರೆಯ ಎಣ್ಣೆ ಗಿರಣಿಗಳ ಮಾಲೀಕರಿಗೆ ಬೆಂಕಿ ವಿಮೆಯ ಮಹತ್ವವನ್ನು ಹೊಸದಾಗಿ ಹೇಳಬೇಕಾಗಿಲ್ಲ. ಆದರೆ ವಿಮೆಯ ಹಣ ಕೇಳುವಾಗ ಒಪ್ಪಿಸಬೇಕಾದ ದಾಸ್ತಾನು ಪುಸ್ತಕ, ಖರೀದಿ ಬಿಲ್ಲು, ವೇ ಬ್ರಿಡ್ಜಿನ ತೂಕದ ಚೀಟಿ ಇವೆಲ್ಲ ಈಗ ಗಣಕಯಂತ್ರದಲ್ಲಿವೆ. ಅವುಗಳ ಪ್ರತಿಯಿರುವ ಡಿಸ್ಕ್ ಅದೇ ಮೇಜಿನ ಖಾನೆಯಲ್ಲಿದ್ದರೆ ಮೂಲವೂ ಪ್ರತಿಯೂ ಒಟ್ಟಿಗೆ ಬೂದಿಯಾಗುತ್ತವೆ.

ಕಾನೂನು ಕೂಡ ಈ ವಿಷಯದಲ್ಲಿ ಸುಮ್ಮನಿಲ್ಲ. ವಿದ್ಯುನ್ಮಾನ ದಾಖಲೆಗಳು ಅಪಘಾತದಿಂದಲೋ ನೈಸರ್ಗಿಕ ಕಾರಣದಿಂದಲೋ ನಾಶವಾದಲ್ಲಿ ಸೂಕ್ತ ಕಾಲಾವಧಿಯೊಳಗೆ ಮರಳಿ ಪಡೆಯುವಂತೆ ಪ್ರತಿಯನ್ನು ಕಾಯ್ದಿಡಬೇಕೆಂದು ಜಿಎಸ್‌ಟಿ ನಿಯಮಾವಳಿಯ 57ನೇ ನಿಯಮ ವಿಧಿಸುತ್ತದೆ. ವಾರ್ಷಿಕ ವಿವರಣೆ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಲೆಕ್ಕಪತ್ರಗಳನ್ನು ಉಳಿಸಿಕೊಳ್ಳಬೇಕು. ಪ್ರೈವೇಟ್ ಲಿಮಿಟೆಡ್ ಆಗಿ ನೋಂದಾಯಿಸಿಕೊಂಡವರಿಗೆ ಹೊಣೆ ಇನ್ನೂ ಹೆಚ್ಚು: 2022ರ ಆಗಸ್ಟ್‌ನಲ್ಲಿ ತಿದ್ದುಪಡಿಯಾದ ಕಂಪನಿ ಲೆಕ್ಕಪತ್ರ ನಿಯಮದಂತೆ, ಭಾರತದೊಳಗಿನ ಸರ್ವರ್‌ನಲ್ಲಿ ಪ್ರತಿದಿನವೂ ಪ್ರತಿ ತೆಗೆದಿಡತಕ್ಕದ್ದು.

ಚಳ್ಳಕೆರೆಯ ಗಿರಣಿಯ ಲೆಕ್ಕಕ್ಕೆ ಸುಮಾರು 50 ಕಿ.ಮೀ. ದೂರದ ಮೊಳಕಾಲ್ಮುರಿನಲ್ಲಿ ಒಂದು ಪ್ರತಿ, ಮೊಳಕಾಲ್ಮುರಿನ ರೇಷ್ಮೆ ಸೀರೆ ವರ್ತಕರ ಲೆಕ್ಕಕ್ಕೆ ಚಳ್ಳಕೆರೆಯಲ್ಲಿ ಒಂದು ಪ್ರತಿ ಎಂಬ ಪರಸ್ಪರ ಏರ್ಪಾಡು ಬೆಂಕಿ, ಕಳವುಗಳ ಮಟ್ಟಿಗೆ ಸಾಕಾದೀತು. ದೊಡ್ಡ ಸಂಸ್ಥೆಗಳು ಇದನ್ನೇ ಭಾರಿ ಪ್ರಮಾಣದಲ್ಲಿ ಮಾಡುತ್ತವೆ. ಅವುಗಳ ಡಿಸ್ಕ್ ಭಂಡಾರಗಳನ್ನು ಜೋಡಿಸುವ ಫೈಬರ್ ಚಾನೆಲ್ ಜಾಲವನ್ನು ತಂತ್ರಜ್ಞರು ‘ಫ್ಯಾಬ್ರಿಕ್’, ಎಂದರೆ ಬಟ್ಟೆ, ಎಂದೇ ಕರೆಯುತ್ತಾರೆ. ಇಂಥ ಸ್ವಿಚ್ಚುಗಳಿಗೆ ಹೆಸರಾದ ಕಂಪನಿಯೊಂದು ತನಗೆ ‘ಬ್ರೊಕೇಡ್’ ಎಂಬ ಜರತಾರಿಯ ಹೆಸರನ್ನೇ ಇಟ್ಟುಕೊಂಡಿತ್ತು. ಮೊಳಕಾಲ್ಮುರಿನ ನೇಕಾರರಿಗೆ ಇದು ಮೋಜೆನಿಸಬಹುದು. ಈ ಜಾಲದ ದತ್ತಾಂಶವನ್ನು ಸಾಮಾನ್ಯ ಐಪಿ ಜಾಲದ ಮೂಲಕ ದೂರದೂರಿಗೆ ಸಾಗಿಸುವ ಕ್ರಮಕ್ಕೆ 2004ರ ಜುಲೈನಲ್ಲಿ ಆರ್‌ಎಫ್‌ಸಿ 3821 ಎಂಬ ಮಾನದಂಡ ಪ್ರಕಟವಾಯಿತು. ಅದರಲ್ಲಿ ಎರಡು ತುದಿಗಳ ನಡುವಿನ ಕೂಡುದಾರಿಯೇ ಸುರಂಗ. ಮುಂದೆ ಬಂದ ಸಾಧನಗಳಲ್ಲಿ ಒಂದು ಸುರಂಗದೊಳಗೆ ಹಗ್ಗದ ಎಳೆಗಳಂತೆ ಹಲವು ಸರ್ಕ್ಯೂಟುಗಳನ್ನು ಇರಿಸುವ ಸೌಕರ್ಯ ಬಂತು. ಪ್ರತಿ ಸರ್ಕ್ಯೂಟಿಗೂ ಎರಡು ತುದಿಗಳಲ್ಲಿ ಒಂದೊಂದು ಐಪಿ ವಿಳಾಸವಿರುತ್ತದೆ.

ಸಣ್ಣ ಗಿರಣಿಗೆ ಅಷ್ಟು ದುಬಾರಿಯ ಸ್ವಿಚ್ ಅನಗತ್ಯ. ವಿಪಿಎನ್ ಸೌಲಭ್ಯವುಳ್ಳ ರೌಟರ್ ಮತ್ತು ಜಾಲಕ್ಕೆ ಜೋಡಿಸುವ ಡಿಸ್ಕ್ ಪೆಟ್ಟಿಗೆ ಸಾಕು. ಆದರೆ ಹೊಂದಿಸಬೇಕಾದ ಅಂಶಗಳು ಎರಡರಲ್ಲೂ ಹೆಚ್ಚು ಕಡಿಮೆ ಒಂದೇ, ಮತ್ತು ಬಹುಪಾಲು ತಪ್ಪುಗಳು ನಡೆಯುವುದು ವೇಗದ ಲೆಕ್ಕದಲ್ಲಿ.

ಸರ್ಕ್ಯೂಟಿಗೆ ಎರಡು ವೇಗಗಳನ್ನು ನಮೂದಿಸಬೇಕು: ಎಷ್ಟೇ ದಟ್ಟಣೆಯಿದ್ದರೂ ದೊರೆಯಲೇಬೇಕಾದ ಕನಿಷ್ಠ, ಮತ್ತು ದಾರಿ ಖಾಲಿಯಿದ್ದಾಗ ಏರಬಹುದಾದ ಗರಿಷ್ಠ. ಉದಾಹರಣೆಗೆ ಒಂದು ಗಿರಣಿಯಲ್ಲಿ 20 ಮೆಗಾಬಿಟ್‌ನ ಲೈನ್ ಇದ್ದು, ಅದರಲ್ಲೇ ಮಾರುಕಟ್ಟೆಯ ಇ-ಟೆಂಡರ್ ಧಾರಣೆಯನ್ನೂ ನಮೂದಿಸುತ್ತಾರೆ, ಇ-ವೇ ಬಿಲ್ಲನ್ನೂ ತೆಗೆಯುತ್ತಾರೆ ಎಂದಿಟ್ಟುಕೊಳ್ಳೋಣ. ಕನಿಷ್ಠ 4, ಗರಿಷ್ಠ 16 ಎಂದು ಹೊಂದಿಸಿದರೆ ಹಗಲಿನ ವ್ಯವಹಾರಕ್ಕೆ ಧಕ್ಕೆಯಿಲ್ಲ. ದಿನಕ್ಕೆ 9 ಗಿಗಾಬೈಟ್ ಹೊಸ ದತ್ತಾಂಶವಿದ್ದರೆ ಅದು 72,000 ಮೆಗಾಬಿಟ್ ಆಗುತ್ತದೆ. 16ರ ವೇಗದಲ್ಲಿ ಒಂದೂಕಾಲು ಗಂಟೆ, 4ರ ವೇಗದಲ್ಲಿ ಐದು ಗಂಟೆ. ರಾತ್ರಿ 9ರಿಂದ ಬೆಳಿಗ್ಗೆ 6ರೊಳಗೆ ಎರಡೂ ಮುಗಿಯುತ್ತವೆ. ಸೇವಾದಾರರು ಜಾಹೀರು ಮಾಡುವ ವೇಗ ಹಲವೊಮ್ಮೆ ಡೌನ್‌ಲೋಡಿನದು. ಪ್ರತಿ ಸಾಗುವುದು ಅಪ್‌ಲೋಡ್ ದಿಕ್ಕಿನಲ್ಲಿ. ಒಪ್ಪಂದದಲ್ಲಿ ಆ ಅಂಕಿಯನ್ನೇ ಕೇಳಿ ಬರೆಸಿಕೊಳ್ಳಬೇಕು.

ಇನ್ನು ಎರಡನೇ ಸರ್ಕ್ಯೂಟು. ಮೆಟ್ರಿಕ್ ಎಂಬ ಅಂಕಿ 0 ಇದ್ದರೆ ಅದು ಮುಖ್ಯ ದಾರಿ. 1 ಇದ್ದರೆ ಮುಖ್ಯ ದಾರಿ ಕಡಿದಾಗ ಮಾತ್ರ ಬಳಕೆಗೆ ಬರುವ ಮೀಸಲು ದಾರಿ. ಮೀಸಲು ಲೈನ್ 5 ಮೆಗಾಬಿಟ್‌ನದಾಗಿದ್ದು ಕನಿಷ್ಠವನ್ನು 2 ಎಂದು ಬರೆದರೆ ಮೇಲಿನ ದತ್ತಾಂಶಕ್ಕೆ ಹತ್ತು ಗಂಟೆ ಹಿಡಿಯುತ್ತದೆ. ಒಂಬತ್ತು ಗಂಟೆಯ ರಾತ್ರಿ ಸಾಲದು. 3 ಎಂದು ಬರೆದರೆ ಆರು ಗಂಟೆ ನಲವತ್ತು ನಿಮಿಷಕ್ಕೆ ಮುಗಿಯುತ್ತದೆ. ಲೆಕ್ಕ ಹಾಕಬೇಕಾದದ್ದು ಮುಖ್ಯ ಲೈನಿನ ಗರಿಷ್ಠದ ಮೇಲಲ್ಲ, ಮೀಸಲು ಲೈನಿನ ಕನಿಷ್ಠದ ಮೇಲೆ.

ಎರಡು ಕಂಪನಿಗಳಿಂದ ಎರಡು ಲೈನ್ ಪಡೆದ ಮಾತ್ರಕ್ಕೆ ಎರಡು ದಾರಿಯಾಗುವುದಿಲ್ಲ. ಎರಡೂ ಕೇಬಲ್‌ಗಳು ಹೆದ್ದಾರಿಯ ಬದಿಯ ಒಂದೇ ಕಾಲುವೆಯಲ್ಲಿ ಹೋಗಿದ್ದರೆ ರಸ್ತೆ ಅಗೆಯುವ ಒಂದು ಜೆಸಿಬಿಗೆ ಎರಡೂ ತುಂಡಾಗುತ್ತವೆ. ಚಳ್ಳಕೆರೆ ಮತ್ತು ಮೊಳಕಾಲ್ಮುರುಗಳನ್ನು ಚಿತ್ರದುರ್ಗ–ರಾಯದುರ್ಗ ರೈಲು ಮಾರ್ಗವೂ ಜೋಡಿಸುತ್ತದೆ. ಹಳಿಯ ಪಕ್ಕದ ಕೇಬಲ್ ಬಳಸುವ ಸೇವೆಯಾಗಲಿ, ಟವರಿನ ನಿಸ್ತಂತು ಸಂಪರ್ಕವಾಗಲಿ ದೊರೆಯುವುದೇ ಎಂದು ವಿಚಾರಿಸುವುದು ಲೇಸು. ಕೇಬಲ್ ಎಲ್ಲಿಂದ ಎಲ್ಲಿಗೆ ಹೋಗಿದೆಯೆಂದು ನಕ್ಷೆಯನ್ನೇ ಕೇಳಬೇಕು. ಮಾರಾಟ ಪ್ರತಿನಿಧಿಯ ಬಾಯಿಮಾತು ಸಾಲದು.

ಉಳಿದ ಅಂಶಗಳು ಚಿಕ್ಕವು, ಆದರೂ ಕಾಡುವಂಥವು. ಲೈನ್ ಜೀವಂತವಿದೆಯೇ ಎಂದು ಎಷ್ಟು ಹೊತ್ತಿನೊಳಗೆ ತಿಳಿಯಬೇಕೆಂಬ ಕಾಲಮಿತಿಯನ್ನು ಅತಿ ಕಿರಿದಾಗಿಸಿದರೆ ಸ್ವಲ್ಪ ಗದ್ದಲವಾದರೂ ಸರ್ಕ್ಯೂಟು ಬಿದ್ದೇಳುತ್ತಿರುತ್ತದೆ. ಹಿರಿದಾಗಿಸಿದರೆ ಮೀಸಲು ದಾರಿ ತೆರೆಯುವ ಮೊದಲೇ ಪ್ರತಿ ತೆಗೆಯುವ ತಂತ್ರಾಂಶ ಕೈಚೆಲ್ಲುತ್ತದೆ. ದತ್ತಾಂಶವನ್ನು ಗೂಢಲಿಪಿಯಲ್ಲಿ ಕಳುಹಿಸಲು ಎರಡೂ ತುದಿಗಳಲ್ಲಿ ಒಂದೇ ಗುಪ್ತಪದವಿರಬೇಕು. ಪಿಂಗ್ ಸರಿಯಾಗಿ ಬರುತ್ತಿದ್ದರೂ ಪ್ರತಿ ಮಾತ್ರ ಮುಂದೆ ಸಾಗದಿದ್ದರೆ ಎಂಟಿಯು ಎಂಬ ಪೊಟ್ಟಣದ ಅಳತೆಯನ್ನು ಅನುಮಾನಿಸಬೇಕು. ಸಾಮಾನ್ಯ ಅಳತೆ 1500 ಬೈಟ್. ಗೂಢಲಿಪಿಯ ಹೊದಿಕೆ ಸೇರಿದಾಗ ಅದು ಮೀರಿ, ದೊಡ್ಡ ಪೊಟ್ಟಣಗಳು ದಾರಿಯಲ್ಲೇ ಬಿದ್ದುಹೋಗುತ್ತವೆ. ಅಳತೆಯನ್ನು ಎರಡೂ ಕಡೆ ಸಮವಾಗಿ ಇಳಿಸಿದರೆ ಸರಿಹೋಗುತ್ತದೆ.

ಸುರಂಗವು ಸಾಗಿಸುವುದು ಇದ್ದದ್ದನ್ನು ಇದ್ದಂತೆ. ಅಳಿಸಿದ ಖಾತೆಯೂ ವೈರಸ್ ಕೆಡಿಸಿದ ಕಡತವೂ ಅದೇ ರಾತ್ರಿ ಮೊಳಕಾಲ್ಮುರಿಗೆ ತಲುಪುತ್ತವೆ. ಆದುದರಿಂದ ಆ ತುದಿಯಲ್ಲಿ ಹಿಂದಿನ ಕೆಲವು ದಿನಗಳ ಪ್ರತಿಗಳನ್ನೂ ಉಳಿಸಬೇಕು. ಲೈನ್ ಹಾಕಿದವರಿಗೆ ಬಾಕಿ ಹಣ ಪಾವತಿಸುವ ಮೊದಲು ಮುಖ್ಯ ಕೇಬಲ್ಲನ್ನು ಅವರೆದುರೇ ಕಿತ್ತು, ಮೀಸಲು ದಾರಿಯಲ್ಲಿ ಒಂದು ರಾತ್ರಿಯ ಪ್ರತಿ ಪೂರ್ತಿ ಸಾಗಿತೇ ಎಂದು ನೋಡಬೇಕು. ಮರುದಿನ ಆ ಪ್ರತಿಯಿಂದಲೇ ಒಂದು ತಿಂಗಳ ದಾಸ್ತಾನು ಪಟ್ಟಿಯನ್ನು ಬೇರೊಂದು ಗಣಕಯಂತ್ರದಲ್ಲಿ ತೆರೆದು ಮುದ್ರಿಸಿಕೊಳ್ಳಬೇಕು.